ವಿಜಯಪುರದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅಂಗವಿಕಲರ ಬದುಕಿನ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಬೇಕು. ಯಾವುದು ಒಳ್ಳೆಯದು?

‘ಕ್ರಿಪ್ ಕ್ಯಾಂಪ್’ (2020) ತೋರಿಸಿ. ಅಮೆರಿಕದಲ್ಲಿ ಅಂಗವಿಕಲ ಹರೆಯದವರಿಗಾಗಿ ನಡೆದ ಒಂದು ಬೇಸಿಗೆ ಶಿಬಿರದ ಕಥೆ ಇದು. ನಿರ್ದೇಶಕರಿಬ್ಬರಲ್ಲಿ ಒಬ್ಬರಾದ ಜಿಮ್ ಲೆಬ್ರೆಕ್ಟ್ ಗಾಲಿಕುರ್ಚಿ ಬಳಸುವವರು, ಹರೆಯದಲ್ಲಿ ಅದೇ ಶಿಬಿರಕ್ಕೆ ಹೋಗಿದ್ದವರು. ಹಾಗಾಗಿ ‘ಅಯ್ಯೋ ಪಾಪ’ ಅನ್ನೋ ಧಾಟಿಯೇ ಇಲ್ಲ. ಹುಡುಗರು ಆಡ್ತಾರೆ, ಪ್ರೀತಿಸ್ತಾರೆ, ಅಪ್ಪ-ಅಮ್ಮನ ಅತಿ ಕಾಳಜಿಯನ್ನ ಬೈತಾರೆ. ಶಿಬಿರದಲ್ಲಿ ಅಡುಗೆ ಏನಿರಲಿ ಅಂತ ಎಲ್ಲರ ಅಭಿಪ್ರಾಯ ಕೇಳ್ತಾ ಕೂತ ಜೂಡಿ ಹ್ಯೂಮನ್, ಮುಂದೆ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರಕಾರಿ ಕಟ್ಟಡದೊಳಗೆ ಅಂಗವಿಕಲರ ಹಕ್ಕಿಗಾಗಿ ಮೂರು ವಾರಕ್ಕೂ ಹೆಚ್ಚು ನಡೆದ ಧರಣಿಯ ಮುಂದಾಳು. ನಮ್ಮಲ್ಲಿ 21 ಬಗೆಯ ವೈಕಲ್ಯ ಗುರುತಿಸುವ ಕಾಯ್ದೆ ಬಂದಿದ್ದು 2016ರಲ್ಲಿ. ಚರ್ಚೆಗೆ ಅದನ್ನೇ ಎತ್ತಿಕೊಳ್ಳಿ.

ಲೈಂಗಿಕತೆಯ ಮಾತು ಮುಚ್ಚುಮರೆಯಿಲ್ಲದೆ ಬರುತ್ತೆ, ಮೊದಲು ನೀವೇ ನೋಡಿ. ಮಹಡಿ ಮೇಲಿನ ಹಾಲ್ ಮಾತ್ರ ಬೇಡ. ಅಂಧ ವಿದ್ಯಾರ್ಥಿಗಳಿದ್ದರೆ ಪಕ್ಕದಲ್ಲಿ ಕೂತು ದೃಶ್ಯ ಹೇಳೋಕೆ ಒಬ್ಬರಿರಲಿ.