ಊರ ಮಕ್ಕಳನ್ನು ನೋಡುವ ನಾನು, ನನ್ನ ಮಗುವನ್ನು ಬಿಟ್ಟು ಓದಲೇ?

ನನಗೆ 31 ವರ್ಷ. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸ್ಟಾಫ್ ನರ್ಸ್ ಆಗಿದ್ದೇನೆ. ಮನೆ ದಾಸರಹಳ್ಳಿಯಲ್ಲಿ. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ. ನಾಲ್ಕು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಡಿಗ್ರಿ ಮಾಡಿ ಮಕ್ಕಳ ನರ್ಸಿಂಗ್‌ನಲ್ಲೇ ಮುಂದುವರಿಯಬೇಕೆಂಬ ಆಸೆ. ಮೊನ್ನೆ ಒಬ್ಬ ತಂದೆ, ‘ಸಿಸ್ಟರ್, ಈ ನೀಲಿ ಲೈಟು ಮಗೂಗೆ ಏನು ಮಾಡುತ್ತೆ?’ ಅಂತ ಕೇಳಿದರು. ದಿನಾ ಮಾಡುವ ಕೆಲಸ, ಆದರೂ ‘ಡಾಕ್ಟರನ್ನು ಕೇಳಿ’ ಅಂದುಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ಓದುತ್ತೇನೆ ಅಂದರೆ ಅತ್ತೆ, ‘ಊರ ಮಕ್ಕಳಿಗೆಲ್ಲ ತಾಯಿ ಆಗ್ತೀಯ, ಮನೆ ಮಗೂಗೆ ಯಾರು?’ ಅಂತಾರೆ. ಯಜಮಾನರು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಈ ಮಧ್ಯೆ ಏಜೆಂಟ್ ಒಬ್ಬ, ‘ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು, ಡ್ಯೂಟಿ ಮಾಡ್ಕೊಂಡೇ ಡಿಗ್ರಿ ತಗೋಬಹುದು’ ಅಂದಿದ್ದಾನೆ. ಮನೆಯಲ್ಲಿ ಎಲ್ಲರಿಗೂ ಇದೇ ಸರಿ ಅನಿಸಿದೆ. ಏನು ಮಾಡಲಿ?

– ಹೆಸರು ಬೇಡ, ಬೆಂಗಳೂರು

ಏಜೆಂಟನಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೆ? ಕೊಡಬೇಡಿ. ಬೇರೆ ಮಾತು ಆಮೇಲೆ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು. ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಾತಿ, ಅಂದರೆ ವಾರ್ಡಿನ ತರಬೇತಿಯ ಹಾಜರಾತಿ, ಶೇ 100 ಆಗಿರಬೇಕು. ಕ್ಲಾಸಿಗೆ ಬರುವುದೇ ಬೇಡ ಅಂದರೆ, ನೀವು ನಿಲ್ಲದ ವಾರ್ಡಿನಲ್ಲಿ ನಿಂತಿದ್ದೀರೆಂದು ಯಾರೋ ಸುಳ್ಳು ಸಹಿ ಹಾಕುತ್ತಾರೆ ಎಂದರ್ಥ. ಅದೇ ಹೊತ್ತಿಗೆ ನೀವು ಬೇರೆ ಕಡೆ ಡ್ಯೂಟಿಯಲ್ಲಿದ್ದಿರಿ ಎಂದು ನಿಮ್ಮ ಆಸ್ಪತ್ರೆಯ ರಿಜಿಸ್ಟರೇ ಹೇಳುತ್ತದೆ. ಮುಂದೆ ಸರ್ಕಾರಿ ನೇಮಕಾತಿಗೋ ವಿದೇಶಕ್ಕೋ ದಾಖಲೆ ಕೊಟ್ಟಾಗ ಸಿಕ್ಕಿಬೀಳುವವರು ನೀವು. ಏಜೆಂಟ್ ಅಷ್ಟರಲ್ಲಿ ಫೋನ್ ನಂಬರ್ ಬದಲಿಸಿರುತ್ತಾನೆ.

ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. ನಿಮಗೆ ನಿದ್ದೆ ಕೆಡಿಸಿದ್ದು ಆ ತಂದೆಯ ಪ್ರಶ್ನೆ. ಹುಟ್ಟಿದ ಮಗುವಿನ ಲಿವರ್ ಇನ್ನೂ ಪೂರ್ತಿ ಪಳಗಿರುವುದಿಲ್ಲ, ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಹೊರಹಾಕಲು ಅದಕ್ಕೆ ಕಷ್ಟ. ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್‌ನ ರೂಪವನ್ನೇ ಬದಲಿಸಿ, ಪಿತ್ತದಲ್ಲೂ ಮೂತ್ರದಲ್ಲೂ ಹೊರಟುಹೋಗುವಂತೆ ಮಾಡುತ್ತದೆ. ಇದನ್ನು ನೀವು ಜಿಎನ್‌ಎಂನಲ್ಲಿ ಓದಿರುತ್ತೀರಿ, ಎಂಟು ವರ್ಷದ ಓಟದಲ್ಲಿ ಮರೆತಿರಬಹುದು. ನಿಮ್ಮ ಕೈಗೆ ಕೆಲಸ ಚೆನ್ನಾಗಿ ಬರುತ್ತದೆ. ಇನ್ನೂ ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಕಲಿಯದ ಮಗುವಿನ ತುಟಿಯಂಚಿಗೆ ಹಾಲು ಕುಡಿಸುವ ಒಳಲೆ ತಾಗಿಸಿ, ಅದು ನುಂಗುವವರೆಗೆ ಕಾದು, ಮತ್ತೆರಡು ಹನಿ ಬಗ್ಗಿಸುವುದನ್ನು ಯಾವ ಪುಸ್ತಕವೂ ನಿಮಗಿಂತ ಚೆನ್ನಾಗಿ ಹೇಳಿಕೊಡಲಾರದು. ನಿಮಗೆ ಬೇಕಾಗಿರುವುದು ಕೈ ಮಾಡುವುದಕ್ಕೆಲ್ಲ ಕಾರಣ. ಒಂದೂವರೆ ಕೆಜಿ ತೂಕದ ಮಗುವಿನ ಔಷಧದಲ್ಲಿ ದಶಮಾಂಶದ ಚುಕ್ಕಿ ಒಂದು ಮನೆ ಬಲಕ್ಕೆ ಸರಿದರೆ ಡೋಸ್ ಹತ್ತು ಪಟ್ಟಾಗುತ್ತದೆ ಎಂಬುದು ನಿಮಗೆ ಗೊತ್ತು. ಈ ಕೆಲಸದಲ್ಲಿರುವವರಿಗೆ ಕ್ಲಾಸಿಲ್ಲದ ಡಿಗ್ರಿಯಿಂದ ಏನು ಉಪಯೋಗ?

ಓದಿನ ದಾರಿ ಸ್ಪಷ್ಟ ಮಾಡಿಕೊಳ್ಳಿ. ಬ್ರಿಟನ್‌ನಲ್ಲಿ ಮಕ್ಕಳ ನರ್ಸಿಂಗ್‌ಗೇ ಬೇರೆ ಪದವಿ ಇದೆ. ನಮ್ಮಲ್ಲಿ ಮೊದಲ ಪದವಿ ಎಲ್ಲರಿಗೂ ಒಂದೇ. ಜಿಎನ್‌ಎಂ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ, ಅದರ ಮೊದಲ ವರ್ಷದಲ್ಲಿ ಮಕ್ಕಳ ಆರೋಗ್ಯ ಒಂದು ವಿಷಯ ಮಾತ್ರ. ಮಕ್ಕಳ ನರ್ಸಿಂಗ್‌ನಲ್ಲೇ ತಜ್ಞೆಯಾಗುವುದು ಮುಂದಿನ ಎರಡು ವರ್ಷದ ಎಂ.ಎಸ್ಸಿಯಲ್ಲಿ. ಅದಕ್ಕೆ ಬೇಕಾದ ಒಂದು ವರ್ಷದ ಅನುಭವ ಪೋಸ್ಟ್ ಬೇಸಿಕ್‌ಗೆ ಮೊದಲಿನದ್ದಾದರೂ ನಡೆಯುತ್ತದೆ, ನಿಮ್ಮ ಬಳಿ ಅದು ಈಗಾಗಲೇ ಇದೆ. ಪಾಠ ಮಾಡುವ ಆಸೆಯಿಲ್ಲ, ತೊಟ್ಟಿಲ ಪಕ್ಕದಲ್ಲೇ ಇರುತ್ತೇನೆ ಎನ್ನುವುದಾದರೆ ನವಜಾತ ಶಿಶುಗಳ ಆರೈಕೆಗೆಂದೇ ಇರುವ ನಿಯೊನೇಟಲ್ ನರ್ಸಿಂಗ್‌ನ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಕೆಲಸ ಅದರಿಂದಲೂ ಹರಿತವಾಗುತ್ತದೆ, ಆದರೆ ಅದು ಪದವಿಯಲ್ಲ. ನಿಮ್ಮ ಪತ್ರ ಓದಿದರೆ ನೀವು ಕಾರಣ ತಿಳಿದು ಇನ್ನೊಬ್ಬರಿಗೂ ಹೇಳಿಕೊಡುವವರು ಎನಿಸುತ್ತದೆ. ಬಿ.ಎಸ್ಸಿಯೇ ಮಾಡಿ.

ಇನ್ನು ಅತ್ತೆಯವರ ಮಾತು. ಅದು ಚುಚ್ಚಿದೆ, ಚುಚ್ಚುವಂತೆಯೇ ಇದೆ. ಆದರೆ ಮಗಳಿಗೆ ದಿನಾ ತುತ್ತು ಕೊಟ್ಟು, ಜ್ವರ ಬಂದಾಗ ರಾತ್ರಿ ಕೂರುತ್ತಿರುವವರು ಅವರು. ‘ಮನೆ ಮಗೂಗೆ ಯಾರು?’ ಎಂಬುದರೊಳಗೆ ‘ಎಲ್ಲ ನನ್ನ ತಲೆ ಮೇಲೇ ಬೀಳುತ್ತಾ?’ ಎಂಬ ದಿಗಿಲೂ ಇರಬಹುದು. ಅವರಿಗೂ ವಯಸ್ಸಾಗುತ್ತಿದೆ. ಹಾಗಾಗಿ ಮೊದಲು ಮಾತಾಡಬೇಕಾದದ್ದು ಗಂಡನ ಹತ್ತಿರ ಅಲ್ಲ, ಅತ್ತೆಯ ಹತ್ತಿರ. ಒಪ್ಪಿಗೆ ಕೇಳುವ ಬದಲು ಲೆಕ್ಕ ಹೇಳಿ. ಈಗ ನೈಟ್ ಡ್ಯೂಟಿಯ ವಾರ ಮಗಳು ಅಮ್ಮನ ಪಕ್ಕ ಮಲಗುವುದೇ ಇಲ್ಲ. ಕಾಲೇಜು ಹೆಚ್ಚಾಗಿ ಹಗಲಿನದು. ವಾರ್ಡಿನ ತರಬೇತಿಗೆ ಹಾಕುವ ಪೋಸ್ಟಿಂಗ್‌ನಲ್ಲಿ ಬೇರೆ ಪಾಳಿ ಬರಬಹುದು, ಅದನ್ನೂ ಮುಚ್ಚಿಡಬೇಡಿ. ಬಹುಪಾಲು ರಾತ್ರಿ ನೀವು ಮನೆಯಲ್ಲಿರುತ್ತೀರಿ, ಮಗಳು ಎಲ್‌ಕೆಜಿಗೆ ಹೋಗುತ್ತಾಳೆ. ಸಂಜೆ ಅಡುಗೆ ನಿಮ್ಮದು, ಶಾಲೆಗೆ ಬಿಡುವುದು ಯಜಮಾನರದು, ಭಾನುವಾರ ಅತ್ತೆಗೆ ರಜೆ. ಹೀಗೆ ಒಂದೊಂದಾಗಿ ಹೇಳಿದರೆ ಅವರ ದಿಗಿಲು ಅರ್ಧ ಇಳಿಯುತ್ತದೆ. ಇಳಿಯದೇ ಹೋದರೂ ತಪ್ಪಿತಸ್ಥಳಂತೆ ತಲೆ ತಗ್ಗಿಸಬೇಡಿ. ನಾಲ್ಕು ವರ್ಷದ ಮಗುವಿನ ತಾಯಿ ಓದುವುದು ಮಗುವಿಗೆ ಮಾಡುವ ಅನ್ಯಾಯ ಎಂದು ನಾನು ಖಂಡಿತ ಒಪ್ಪುವುದಿಲ್ಲ.

ಯಜಮಾನರ ಮೌನಕ್ಕೆ ಬಹುಶಃ ಸಂಬಳವೇ ಕಾರಣ. ಒಂದು ಹಾಳೆಯಲ್ಲಿ ಬಾಡಿಗೆ, ಸಾಲದ ಕಂತು, ಚೀಟಿ, ಶಾಲೆ ಫೀಸು ಬರೆದು ಅವರ ಮುಂದಿಡಿ. ಎರಡು ವರ್ಷ ಅವರೊಬ್ಬರ ಸಂಬಳದಲ್ಲಿ ನಡೆಯುತ್ತದಾ? ನಡೆಯದಿದ್ದರೆ ಒಂದು ವರ್ಷ ಮುಂದಕ್ಕೆ ಹಾಕಿ, ಕೈಯಲ್ಲಿ ಒಂದಿಷ್ಟು ಕೂಡಿಟ್ಟುಕೊಂಡು ಹೊರಡಿ. ಹಗಲು ಕಾಲೇಜು, ರಾತ್ರಿ ಡ್ಯೂಟಿ ಎಂಬ ಸಾಹಸ ಮಾತ್ರ ಬೇಡ. ನಿದ್ದೆಗೆಟ್ಟ ಕಣ್ಣಲ್ಲಿ ಎನ್‌ಐಸಿಯುನ ಮಗುವನ್ನು ನೋಡಬಾರದು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ವರ್ಗ, ಆದಾಯಕ್ಕೆ ಏನಾದರೂ ಸಿಗುತ್ತದೆಯೇ ನೋಡಿ. ಆಸ್ಪತ್ರೆಯವರೇ ಬಾಂಡ್ ಬರೆಸಿಕೊಂಡು ಓದಿಸುತ್ತೇವೆ ಅಂದರೆ ಷರತ್ತು ಪೂರ್ತಿ ಓದಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ.

ಕಾಲೇಜು ಆರಿಸುವಾಗ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಆ ಕೋರ್ಸಿಗೇ ಇದೆಯೇ ನೋಡಿ. ಮಕ್ಕಳ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ ಎಂದು ಬಾಯಿಬಿಟ್ಟು ಕೇಳಿ. ವಾಣಿವಿಲಾಸ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ನಿಂತರೆ ಕಾಣುವ ಕಾಯಿಲೆಗಳೇ ಬೇರೆ. ದಾಸರಹಳ್ಳಿಯಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ವಾಣಿವಿಲಾಸದ ಹತ್ತಿರದ ಕೆ.ಆರ್. ಮಾರ್ಕೆಟ್ಟಿಗೆ ನೇರ ಬರಬಹುದು. ಓಡಾಟದ ಹೊತ್ತೂ ಮಗಳ ಹೊತ್ತೇ, ಅದನ್ನೂ ಲೆಕ್ಕ ಹಾಕಿ.

ಜಿಎನ್‌ಎಂ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಈಗಲೇ ಹುಡುಕಿಡಿ. ಅನುಭವ ಪತ್ರ ಕೇಳುವಾಗ ಬರೀ ಸ್ಟಾಫ್ ನರ್ಸ್ ಎಂದು ಬರೆಸಿಕೊಂಡು ಬರಬೇಡಿ. ಎನ್‌ಐಸಿಯುನಲ್ಲಿ ಎಂಟು ವರ್ಷ ಎಂದು ವಿಭಾಗದ ಹೆಸರು, ದಿನಾಂಕದ ಸಮೇತ ಬರೆಸಿ, ಸೀಲು ಹಾಕಿಸಿಕೊಳ್ಳಿ.