ಹಳೆ ಜಿಯಾನ್ ಇಟ್ಟುಕೊಳ್ಳಲಾ, ಎನ್100 ತಗೊಳ್ಳಲಾ?

ಅಂಗಡಿಯ ಕಂಪ್ಯೂಟರ್‌ನಲ್ಲಿ ಬಿಲ್ ತಡವಾಗುತ್ತಿದೆ, ಹಳೆ ಜಿಯಾನ್ ಪ್ರೊಸೆಸರ್‌ನ ಮಷೀನ್ ಬಿಟ್ಟು ಎನ್100 ಪ್ರೊಸೆಸರ್‌ನದ್ದು ತಗೊಳ್ಳಲಾ ಅಂತ ಕೇಳಿದ್ದೀರಿ. ಬಿಲ್ಲಿಂಗ್ ಸಾಫ್ಟ್‌ವೇರ್ ಬಹುಶಃ ಒಂದೇ ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ಬಳಸುತ್ತಿದೆ. ಜಿಯಾನ್ ಇ5-2670ರಲ್ಲಿ 8 ಕೋರ್ ಇದ್ದೂ ನಿಮ್ಮ ಮಂಡಿಪೇಟೆ ಅಂಗಡಿಯಲ್ಲಿ ಬಿಲ್ ತಡವಾಗೋದು ಅದಕ್ಕೇ ಇರಬೇಕು. ಅದು 2012ರದ್ದು. 2023ರ ಇಂಟೆಲ್ ಎನ್100ರಲ್ಲಿ 4 ಕೋರ್ ಅಷ್ಟೇ, ಆದರೆ ಒಂದೊಂದು ಕೋರ್ ಲೆಕ್ಕದಲ್ಲಿ ಅದೇನೂ ಹಿಂದೆ ಬೀಳುವುದಿಲ್ಲ.

ಮೊದಲು ಗಿರಾಕಿ ಜಾಸ್ತಿ ಇರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು (ಪ್ರೊಸೆಸರ್) ನೋಡಿ. ಒಟ್ಟು ಬಳಕೆ 6% ಅಂತ ಕಂಡರೆ ಸುಮ್ನೆ ಬಿಡಬೇಡಿ. ಜಿಯಾನ್‌ನ 8 ಕೋರ್ ವಿಂಡೋಸ್‌ಗೆ 16 ಥ್ರೆಡ್ (ಲಾಜಿಕಲ್ ಪ್ರೊಸೆಸರ್) ಆಗಿ ಕಾಣುತ್ತವೆ, ಅವುಗಳಲ್ಲಿ ಒಂದು ಪೂರ್ತಿ ದುಡಿದರೂ ಅಷ್ಟೇ ತೋರಿಸುತ್ತದೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ, ಪ್ರತಿಯೊಂದನ್ನೂ ಬೇರೆಬೇರೆ ನೋಡಿ. ಡಿಸ್ಕ್ 100% ಇದ್ದರೆ ಎಸ್‌ಎಸ್‌ಡಿ ಹಾಕಿಸಿ ಸಾಕು, ಹೊಸ ಮಷೀನ್ ಬೇಡ.

ಕರೆಂಟ್ ವಿಷಯಕ್ಕೆ ಬಂದರೆ, ಜಿಯಾನ್‌ಗೆ 115 ವಾಟ್, ಎನ್100ಗೆ 6 ವಾಟ್ ಅನ್ನುವುದು ಪ್ರೊಸೆಸರ್‌ನ ಅಂಕಿ ಮಾತ್ರ. ಇಡೀ ಮಷೀನ್ ಎಷ್ಟು ಎಳೆಯುತ್ತದೆ ಅಂತ ಪ್ಲಗ್ ಮೀಟರ್ ಹಾಕಿ ಅಳೆಯಿರಿ. 100 ವಾಟ್ ಉಳಿದರೆ, ದಿನಕ್ಕೆ 10 ಗಂಟೆಗೆ 1 ಯೂನಿಟ್ ಉಳಿತಾಯ. ಯುಪಿಎಸ್ ಕೂಡ ಜಾಸ್ತಿ ಹೊತ್ತು ತಡೆಯುತ್ತದೆ.

ಹಲವು ವರ್ಚುವಲ್ ಮಷೀನ್ (ಒಂದೇ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಲ್ಲಿ ಓಡುವ ಬೇರೆ ಕಂಪ್ಯೂಟರ್‌ಗಳು) ಓಡಿಸುತ್ತಿದ್ದರೆ ಮಾತ್ರ ಜಿಯಾನ್ ಇಟ್ಟುಕೊಳ್ಳಿ. ಅವಕ್ಕೆ ಮೆಮೊರಿ ಜಾಸ್ತಿ ಬೇಕು, ಎನ್100ಗೆ ಇಂಟೆಲ್ ಹೇಳುವ ರ‍್ಯಾಮ್ ಮಿತಿ 16 ಜಿಬಿ. ಬರೀ ಬಿಲ್ಲಿಂಗ್ ಆದರೆ ಎನ್100 ತಗೊಳ್ಳಿ.