ಹಗುರವಾದ ಪುಸ್ತಕ ಕೇಳಬೇಡಿ, ಅಳು ಬಂದ ಪುಟಕ್ಕೆ ಮರಳಿ ಹೋಗಿ

‘ಬ್ರಿಡ್ಜ್ ಟು ಟೆರಬಿಥಿಯಾ’ ಎಂಬ ಇಂಗ್ಲಿಷ್ ಮಕ್ಕಳ ಕಾದಂಬರಿ ಓದಿ ಮುಗಿಸಿದಾಗಿನಿಂದ ಅಳು ನಿಲ್ಲುತ್ತಿಲ್ಲ, ಮನೆಯವರು ನಗುತ್ತಾರೆ, ಇದರಿಂದ ಹೊರಬರಲು ಹಗುರವಾದ ಕಾದಂಬರಿ ಯಾವುದಾದರೂ ಹೇಳಿ ಎಂದು ಕೇಳಿದ್ದೀರಿ. ನಾನು ಹೇಳುವುದಿಲ್ಲ. ನಾನು ಕೇಳಿದಾಗ ಹೇಳುವವರು ಸಿಕ್ಕಿದ್ದರು, ಕೆಟ್ಟದ್ದೇ ಅದರಿಂದ.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಆಗ ಪದವಿಯ ಕೊನೆಯ ವರ್ಷದಲ್ಲಿದ್ದೆ. ಅಪ್ಪನ ತಾಯಿಗೆ ಲಕ್ವಾ ಹೊಡೆದು ಪಡಸಾಲೆಯ ಮಂಚ ಹಿಡಿದಿದ್ದರು. ಮಾತು ಹೋಗಿತ್ತು, ಬಲಗಡೆಯ ಕೈಕಾಲು ಆಡುತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಹಾಸಿಗೆ ಹಿಡಿದವರ ಮೈ ಏನಾಗುತ್ತದೆ ಎಂಬುದು ಸೇವೆ ಮಾಡಿದವರಿಗೇ ಗೊತ್ತು. ಬೆನ್ನಿನಲ್ಲಿ ಹುಣ್ಣು, ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು, ಕರೆಂಟು ಹೋಗಿ ಕೂಲರ್ ನಿಂತರೆ ಬೀಸಣಿಗೆ ಹಿಡಿದು ಕೂರಬೇಕು. ಹಗಲೆಲ್ಲ ಅಮ್ಮ, ರಾತ್ರಿ ನಾನು.

ನಿದ್ದೆ ಬಾರದಿರಲೆಂದು ಓದುತ್ತಿದ್ದೆ. ಪುಣೆಯಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗಳು ರಜೆಗೆ ಬಂದವಳು ‘ಎ ಮಾನ್‌ಸ್ಟರ್ ಕಾಲ್ಸ್’ ಬಿಟ್ಟುಹೋಗಿದ್ದಳು. 2011ರಲ್ಲಿ ಬಂದ ಪುಸ್ತಕ. ಶಿವಾನ್ ಡೌಡ್ ಎಂಬ ಲೇಖಕಿಗೆ ಹೊಳೆದಿದ್ದ ಕಥೆ. ಬರೆದು ಮುಗಿಸುವ ಮೊದಲೇ ಅವರು 2007ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಪ್ಯಾಟ್ರಿಕ್ ನೆಸ್ ಅದನ್ನು ಎತ್ತಿಕೊಂಡು ಕಾದಂಬರಿ ಮಾಡಿದರು. ಹದಿಮೂರು ವರ್ಷದ ಕಾನರ್‌ನ ತಾಯಿಗೆ ಕ್ಯಾನ್ಸರ್. ರಾತ್ರಿ 12 ಗಂಟೆ 7 ನಿಮಿಷಕ್ಕೆ ಮನೆಯ ಹಿಂದಿನ ಯೂ ಎಂಬ ಜಾತಿಯ ಮರ ದೈತ್ಯನಾಗಿ ಎದ್ದುಬರುತ್ತದೆ. ಮೂರು ಕಥೆ ನಾನು ಹೇಳುತ್ತೇನೆ, ನಾಲ್ಕನೆಯದನ್ನು ನೀನು ಹೇಳಬೇಕು, ಅದು ನಿನ್ನ ನಿಜವಾಗಿರಬೇಕು ಎನ್ನುತ್ತದೆ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವಳು. ಇಂಗ್ಲಿಷ್ ಓದು ಬಹಳ ನಿಧಾನ. ನೋವಿನ ಸಾಲುಗಳನ್ನು ಹಾರಿಸಿಕೊಂಡು ಹೋಗಲು ಆ ನಿಧಾನ ಬಿಡುತ್ತಿರಲಿಲ್ಲ.

ನಾಲ್ಕನೆಯ ಕಥೆಯ ಬಾಗಿಲಿನಲ್ಲಿ ಪುಸ್ತಕ ಮುಚ್ಚಿಬಿಟ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಈಗ ಅಲ್ಲಿಯೇ ನಿಂತಿದ್ದೀರಿ. ಕಾನರ್ ಏನು ಒಪ್ಪಿಕೊಳ್ಳಲಿದ್ದಾನೆ ಎಂಬುದು ನನಗೆ ಓದುವ ಮೊದಲೇ ತಿಳಿದುಹೋಗಿತ್ತು. ತಾಯಿ ಬದುಕಲಿ ಎಂದು ಹಂಬಲಿಸುತ್ತಲೇ, ತಾಳಲಾರದೆ, ಇದೆಲ್ಲ ಒಮ್ಮೆ ಮುಗಿಯಲಿ ಎಂದೂ ಅವನು ಬಯಸಿದ್ದಾನೆ. ನಾನೂ ಬಯಸಿದ್ದೆ, ಅಜ್ಜಿಯ ಮಂಚದ ಪಕ್ಕದಲ್ಲೇ ಕುಳಿತು. ಪುಸ್ತಕ ಮುಚ್ಚಿ ಜೋರಾಗಿ ಅಳುತ್ತಿದ್ದಾಗ ಅಮ್ಮ ಎದ್ದು ಬಂದು, ಯಾಕೆ, ಏನಾಯಿತು ಎಂದು ಕೇಳಿದರು. “ಏನಿಲ್ಲ ಅಮ್ಮ, ಬರೀ ಕಥೆ” ಎಂದೆ.

ನಾನು ಮಾಡಿದ ತಪ್ಪು ಅದು. ಓದು ನಿಲ್ಲಿಸಿದ್ದು ತಪ್ಪಲ್ಲ, ಎಷ್ಟೋ ಪುಸ್ತಕಗಳನ್ನು ಅರ್ಧಕ್ಕೆ ಬಿಡುತ್ತೇವೆ. ಅತ್ತದ್ದಂತೂ ತಪ್ಪೇ ಅಲ್ಲ. ಬರೀ ಕಥೆ ಎಂದ ಕ್ಷಣದಲ್ಲಿ ಅಮ್ಮನಿಗೆ ಸುಳ್ಳು ಹೇಳಿದೆ, ಆಮೇಲೆ ಆ ಸುಳ್ಳನ್ನು ನಾನೇ ನಂಬಿದೆ. ಕಣ್ಣೀರು ಇಂಗ್ಲೆಂಡಿನ ಹುಡುಗನೊಬ್ಬನಿಗಾಗಿ, ನನ್ನ ಮನೆಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡೆ. ಅಮ್ಮ ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ಕುಳಿತೇ ಇದ್ದರು. ಇನ್ನೊಂದು ಮಾತು ಆಡಿದ್ದರೆ ಅವರೂ ಆಡುತ್ತಿದ್ದರು. ನಾನು ಆಡಲಿಲ್ಲ, ಅವರು ಒಳಗೆ ಹೋದರು. ಮರುದಿನ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿ ಹಗುರವಾದದ್ದು ಏನಾದರೂ ಹೇಳು ಎಂದು ಕೇಳಿದೆ. ಅವಳು ಒಳ್ಳೆಯ ಮನಸ್ಸಿನಿಂದಲೇ ಪ್ರೇಮ ಕಾದಂಬರಿಗಳ ದೊಡ್ಡ ಪಟ್ಟಿ ಕಳುಹಿಸಿದಳು. ಒಂದಾದ ಮೇಲೊಂದು ಮೊಬೈಲಿನಲ್ಲಿ ಓದುತ್ತ ಹೋದೆ. ಅಜ್ಜಿಗೆ ಮಾಡಬೇಕಾದ ಕೆಲಸಗಳನ್ನೆಲ್ಲ ಮಾಡಿದೆ, ಆದರೆ ಮುಖ ನೋಡುತ್ತಿರಲಿಲ್ಲ. ಮಾತು ಹೋದವರಿಗೆ ಉಳಿದಿರುವುದು ಮುಖವೊಂದೇ ಎಂಬುದು ಗೊತ್ತಿದ್ದೂ ನೋಡಲಿಲ್ಲ.

ಮಳೆಗಾಲದಲ್ಲಿ ಅಜ್ಜಿ ಹೋದರು. ಆಮೇಲೆ ಮನೆಯಲ್ಲಿ ಒಂದು ವಿಚಿತ್ರ ಮೌನ. ನಾನು ಬಯಸಿದ್ದು ನಡೆದುಹೋಯಿತು ಎಂಬ ಪಾಪಪ್ರಜ್ಞೆಯಲ್ಲಿ ಅಮ್ಮನ ಎದುರು ಕೂರುವುದನ್ನೇ ತಪ್ಪಿಸುತ್ತಿದ್ದೆ. ಅಮ್ಮ ಸೋಮವಾರ ಬಂತೆಂದರೆ ಶರಣಬಸವೇಶ್ವರರ ಗುಡಿಗೆ ಹೋಗಿ ಬಹಳ ಹೊತ್ತು ಕೂರುತ್ತಿದ್ದರು. ಭಕ್ತಿ ಹೆಚ್ಚಾಯಿತು ಎಂದುಕೊಂಡೆ. ಒಂದೇ ಸೂರಿನ ಕೆಳಗೆ ಹೀಗೆ ವರ್ಷಗಳು ಕಳೆದವು.

ಕೆಲಸ ಸಿಕ್ಕ ಮೇಲೆ ಒಮ್ಮೆ ಕಪಾಟು ಒರೆಸುವಾಗ ಆ ಪುಸ್ತಕ ಸಿಕ್ಕಿತು. ನಾಲ್ಕನೆಯ ಕಥೆಯನ್ನು ನಿಂತುಕೊಂಡೇ ಓದಿದೆ. ಆ ದೈತ್ಯ ಹುಡುಗನನ್ನು ಶಿಕ್ಷಿಸುವುದಿಲ್ಲ. ಒಂದೇ ಹೊತ್ತಿನಲ್ಲಿ ಎರಡು ವಿರುದ್ಧ ಬಯಕೆಗಳು ಮನುಷ್ಯನಲ್ಲಿ ಇರುತ್ತವೆ, ನೀನು ಏನು ಯೋಚಿಸಿದೆ ಎಂಬುದಕ್ಕಿಂತ ಏನು ಮಾಡಿದೆ ಎಂಬುದು ದೊಡ್ಡದು ಎಂಬ ಅರ್ಥದ ಮಾತು ಹೇಳುತ್ತದೆ. ಅಮ್ಮ ಅಡುಗೆಮನೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕುಳಿತು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಅವರು ಕೈ ನಿಲ್ಲಿಸಿ ಕೇಳಿದರು. “ಆ ಹುಡುಗನಿಗೆ ಹೇಳಿಕೊಳ್ಳುವುದಕ್ಕೆ ಒಂದು ಮರವಾದರೂ ಇತ್ತು” ಎಂದರು. ಆಮೇಲೆ ಹೇಳಿದರು: ಆ ಬೇಸಿಗೆಯಲ್ಲಿ, ಅತ್ತೆಗೆ ಬಿಡುಗಡೆ ಕೊಡಪ್ಪ ಎಂದು ಶರಣಬಸಪ್ಪನಲ್ಲಿ ಬೇಡಿಕೊಂಡಿದ್ದರಂತೆ. ಸೊಸೆಯಾಗಿ ಹಾಗೆ ಬೇಡಿದೆನಲ್ಲ ಎಂದು ಸೋಮವಾರದ ಗುಡಿಯಲ್ಲಿ ಕ್ಷಮೆ ಕೇಳುತ್ತಿದ್ದರು. ಅಷ್ಟು ವರ್ಷ ಒಬ್ಬರೇ.

ಈಗ ನಿಮ್ಮ ಪುಸ್ತಕದ ಮಾತು. ಜೆಸ್ ಎಂಬ ಹುಡುಗ, ಅವನ ಗೆಳತಿ ಲೆಸ್ಲಿ, ಇವರಿಬ್ಬರ ಕಥೆ ಅದು. ಲೆಸ್ಲಿ ಸತ್ತಳೆಂದು ಅಳುತ್ತಿದ್ದೇನೆ ಎಂದು ಬರೆದಿದ್ದೀರಿ. ಇರಬಹುದು. ಆದರೆ ಹೊಳೆ ದಾಟಲು ಜೋತಾಡುತ್ತಿದ್ದ ಹಗ್ಗ ಹರಿದು ಲೆಸ್ಲಿ ನೀರಿಗೆ ಬಿದ್ದ ದಿನ ಜೆಸ್ ಎಲ್ಲಿದ್ದ ಎಂಬುದನ್ನು ನೆನಪಿಸಿಕೊಳ್ಳಿ. ತಾನು ಮೆಚ್ಚಿದ ಸಂಗೀತದ ಶಿಕ್ಷಕಿಯ ಜೊತೆ ವಾಷಿಂಗ್ಟನ್ನಿನ ಚಿತ್ರಶಾಲೆ ನೋಡಲು ಹೋಗಿದ್ದ. ಲೆಸ್ಲಿಯನ್ನೂ ಕರೆಯೋಣವೇ ಎಂದು ಅವನು ಕೇಳಲಿಲ್ಲ, ಆ ಖುಷಿ ತನ್ನೊಬ್ಬನದೇ ಆಗಿರಲಿ ಎಂದುಕೊಂಡ. ನನ್ನ ಮಟ್ಟಿಗೆ ಕಾದಂಬರಿಯ ಎದೆ ಇರುವುದು ಅಲ್ಲಿ. ಕ್ಯಾಥರೀನ್ ಪ್ಯಾಟರ್ಸನ್ 1977ರಲ್ಲಿ ಇದನ್ನು ಪ್ರಕಟಿಸಿದರು; ಅವರ ಚಿಕ್ಕ ಮಗನ ಗೆಳತಿಯೊಬ್ಬಳು ಸಿಡಿಲು ಬಡಿದು ತೀರಿಕೊಂಡಿದ್ದಳು, ಅದರಿಂದ ಹುಟ್ಟಿದ ಪುಸ್ತಕ. ಉಳಿದುಕೊಂಡ ಮಗುವನ್ನು ಕಣ್ಣಮುಂದೆ ಕಂಡ ತಾಯಿ ಬರೆದದ್ದು. ಅದಕ್ಕೇ ಅದು ಉಳಿದವರ ಒಳಗನ್ನು ಅಷ್ಟು ನೇರವಾಗಿ ಮುಟ್ಟುತ್ತದೆ.

ಆದ್ದರಿಂದ ಯಾವ ಪುಟದಲ್ಲಿ ಅಳು ಶುರುವಾಯಿತು ಎಂದು ಹುಡುಕಿ, ಅದನ್ನು ಮತ್ತೆ ಓದಿ. ಅಲ್ಲಿ ನಿಮ್ಮದೇನೋ ಇದೆ. ಅದನ್ನು ಒಬ್ಬರಿಗೆ, ಒಬ್ಬರಿಗಾದರೂ, ಹೇಳಿ. ನಗುತ್ತಿರುವ ಮನೆಯವರಲ್ಲೇ ಆ ಒಬ್ಬರು ಇರಬಹುದು. ನನ್ನ ಅಮ್ಮ ಇಂಗ್ಲಿಷ್ ಓದಿದವರಲ್ಲ, ಕಾದಂಬರಿ ಓದಿದವರೂ ಅಲ್ಲ. ‘ಅಳಿಸುವ ಹತ್ತು ಪುಸ್ತಕಗಳು’ ಎಂಬಂಥ ಪಟ್ಟಿಗಳಿಂದ ದೂರವಿರಿ. ಕಣ್ಣೀರಿನಿಂದ ಪುಸ್ತಕ ಅಳೆಯಲು ಕಲಿತವರು ಮುಂದೆ ಯಾವ ಪುಸ್ತಕವನ್ನೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಊಟ ನಿದ್ದೆ ಕೆಟ್ಟು ವಾರಗಳಾಗಿದ್ದರೆ ಮಾತು ಬೇರೆ, ಆಗ ವೈದ್ಯರನ್ನು ಕಾಣಿ.

ಏಳನೆಯ ತರಗತಿಯ ತಂಗಿಗೆ ಈ ಪುಸ್ತಕ ಕೊಡಲೇ, ಬಚ್ಚಿಡಲೇ ಎಂದೂ ಕೇಳಿದ್ದೀರಿ. ಕೊಡಿ. ಕೊನೆಯಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳಬೇಡಿ. 2007ರಲ್ಲಿ ಬಂದ ಸಿನಿಮಾವನ್ನು ಆಮೇಲೆ ತೋರಿಸಿದರಾಯಿತು, ಏಕೆಂದರೆ ಜೆಸ್ ತನ್ನೊಳಗೆ ಆಡಿಕೊಳ್ಳುವ ಮಾತುಗಳನ್ನು ಅವಳು ತನ್ನ ವೇಗದಲ್ಲಿ ಓದಬೇಕು. ಕೊನೆಯ ಅಧ್ಯಾಯಗಳಿಗೆ ಬಂದಾಗ ನೀವು ಮನೆಯಲ್ಲೇ ಇರಿ.